ಒದ್ದೆ ಮಾಡದೆ ಬಿಗಿದ ಗಂಟು

ಸಮುದ್ರವನ್ನು ನಾನು ಹತ್ತಿರದಿಂದ ನೋಡಿದ್ದು ಎರಡೇ ಸಲ. ಎರಡು ಸಲವೂ ಶಾಲೆಯ ಎಕ್ಸ್‌ಕರ್ಷನ್ನಿನಲ್ಲಿ, ಹುಡುಗಿಯರ ತಲೆ ಎಣಿಸುತ್ತ, ಯಾರೂ ಮೊಣಕಾಲಿಗಿಂತ ಆಳಕ್ಕೆ ಇಳಿಯದ ಹಾಗೆ ಕೂಗುತ್ತ. ನೋಡಿದೆ ಅನ್ನುವುದಕ್ಕಿಂತ ಕಾವಲು ಕಾದೆ ಅನ್ನುವುದೇ ಸರಿ. ಆದರೆ ಈ ಮೂರು ವರ್ಷಗಳಲ್ಲಿ ನಾನು ಕಟ್ಟಿದ ಗಂಟುಗಳು ಕಾರವಾರದ ಆಚೆ, ದಡ ಕಾಣದ ನೀರಿನಲ್ಲಿ, ನಲವತ್ತು ಐವತ್ತು ಮೀಟರ್ ಆಳಕ್ಕೆ ಇಳಿದು ಬಂದಿವೆ. ಶ್ರೀರಂಗಪಟ್ಟಣದಲ್ಲಿ ನನ್ನ ಮಗಳ ಮನೆಯ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ಕಟ್ಟಿದ ಗಂಟುಗಳು.

ಕಟ್ಟಿಸಿಕೊಳ್ಳುವವನು ನನ್ನ ತಮ್ಮ. ನನಗೆ ಎಪ್ಪತ್ತಮೂರು, ಅವನಿಗೆ ಅರವತ್ತೇಳು. ಸರ್ವೆ ಕೆಲಸದಿಂದ ರಿಟೈರ್ ಆದ ಮೇಲೆ ಪಾಂಡವಪುರದ ಹೊರಗೆ ಮನೆ ಮಾಡಿಕೊಂಡು ಎರಡು ಹಸು, ಒಂದಿಷ್ಟು ಕಬ್ಬು ನೋಡಿಕೊಂಡಿದ್ದಾನೆ. ನಾವು ಅರಕೆರೆ ಕಡೆಯವರು. ಮನೆಯ ಹಿಂದೆಯೇ ನಾಲೆ. ಮನೆಯಲ್ಲಿ ಒಬ್ಬರಾದರೂ ಇಂಗ್ಲಿಷ್ ಸರಿಯಾಗಿ ಕಲಿಯಲಿ ಎಂದು ಅಪ್ಪ ನನ್ನನ್ನು ಹತ್ತನೇ ವಯಸ್ಸಿಗೆ ಮೈಸೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದರು. ತಮ್ಮ ಊರಲ್ಲೇ ಉಳಿದ. ರಜಕ್ಕೆ ಬಂದಾಗ ನಾನು ಕ್ರೋಶಾ ಕಡ್ಡಿ ಹಿಡಿದು ಜಗಲಿಯ ಮೇಲೆ, ಅವನು ಬಿದಿರು ಕೋಲಿಗೆ ಗಾಳ ಕಟ್ಟಿಕೊಂಡು ನಾಲೆಯ ಏರಿಯ ಮೇಲೆ. ಊಟಕ್ಕೆ ಕೂಗಿದರೆ ಇಬ್ಬರೂ ಒಂದೇ ಕೂಗಿಗೆ ಬಂದವರಲ್ಲ. ಅವ್ವ ಬಾಗಿಲಲ್ಲಿ ನಿಂತು, "ಒಬ್ಬಳು ದಾರ ಬುಡಕ್ಕಿಲ್ಲ, ಒಬ್ಬ ನೀರು ಬುಡಕ್ಕಿಲ್ಲ. ನಾನೊಬ್ಳೇ ಉಣ್ಣದಾ ಇದನ್ನ?" ಎನ್ನುತ್ತಿದ್ದಳು.

ಕಾರವಾರಕ್ಕೆ ವರ್ಗವಾಗಿ ಆರು ವರ್ಷ ಇದ್ದಾಗ ಅವನಿಗೆ ಸಮುದ್ರದ ಹುಚ್ಚು ಹತ್ತಿತು. ಆಗ ಜೊತೆಗೆ ಕೆಲಸ ಮಾಡಿದ ನಾಲ್ಕು ಜನ ಸ್ನೇಹಿತರೂ ಈಗ ರಿಟೈರ್ ಆಗಿದ್ದಾರೆ. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಗೆ ಮೊದಲೊಮ್ಮೆ, ಐವರೂ ಒಂದು ವ್ಯಾನು ಮಾಡಿಕೊಂಡು ಹೋಗುತ್ತಾರೆ. ಬೆಳ್ಳೂರು ಕ್ರಾಸಿನಲ್ಲಿ ತಮ್ಮ ಇಡ್ಲಿ ತಿಂದು ಕಾಯುತ್ತ ನಿಂತಿದ್ದರೆ ವ್ಯಾನು ಬಂದು ಹತ್ತಿಸಿಕೊಳ್ಳುತ್ತದೆ. ಅಲ್ಲಿ ದೋಣಿ ಬಾಡಿಗೆಗೆ ಹಿಡಿದು ಜಿಗ್ ಮೀನುಗಾರಿಕೆ. ಜಿಗ್ ಅಂದರೆ ಸೀಸದಲ್ಲಿ ಎರಕ ಹೊಯ್ದು, ಬೆಳ್ಳಿ ಬಣ್ಣ ಬಳಿದು, ಕಣ್ಣು ಬರೆದ ಪುಟ್ಟ ಮೀನು. ಹುಳವಿಲ್ಲ, ಹಿಟ್ಟಿಲ್ಲ. ಅದನ್ನು ತಳದವರೆಗೆ ಬಿಟ್ಟು ಎಳೆದೆಳೆದು ಕುಣಿಸುತ್ತ ಮೇಲೆ ತರಬೇಕು. ಬದುಕಿರುವ ಮೀನೇ ಗಾಬರಿಯಿಂದ ಓಡುತ್ತಿದೆ ಎಂದು ದೊಡ್ಡ ಮೀನು ನಂಬಬೇಕು.

ಇದಕ್ಕೆ ಬೇಕಾದ ದಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ರೀಲಿಗೆ ಸುತ್ತಿರುವುದು ಬ್ರೇಡ್. ಎಂಟು ಎಳೆಯನ್ನು ಜಡೆ ಹಾಕಿದ ಹಾಗೆ ಹೆಣೆದ ದಾರ. ಹೊಲಿಗೆ ದಾರದಷ್ಟು ತೆಳು, ಕೈ ಕುಯ್ಯುವಷ್ಟು ಗಟ್ಟಿ, ಸ್ವಲ್ಪವೂ ಹಿಗ್ಗುವುದಿಲ್ಲ. ಆದರೆ ಬಂಡೆಗೆ ತಾಗಿದರೆ ಕ್ಷಣದಲ್ಲಿ ಹರಿಯುತ್ತದೆ. ಹಾಗಾಗಿ ಅದರ ತುದಿಗೆ ಎರಡು ಮಾರಿನಷ್ಟು ಬೇರೆ ದಾರ ಸೇರಿಸುತ್ತಾರೆ: ದಪ್ಪ, ಗಾಜಿನಂತೆ ಪಾರದರ್ಶಕ, ನೀರಿನಲ್ಲಿ ಕಾಣದ್ದು. ಅದೇ ಲೀಡರ್. ಲೀಡರಿನ ಇನ್ನೊಂದು ತುದಿಯಲ್ಲಿ ಒಂದು ಕ್ಲಿಪ್ಪು, ಜಿಗ್ ಬದಲಾಯಿಸುವುದಕ್ಕೆ. ಎಲ್ಲ ಕಷ್ಟವೂ ಬ್ರೇಡ್ ಮತ್ತು ಲೀಡರ್ ಸೇರುವ ಆ ಒಂದು ಇಂಚಿನಲ್ಲಿದೆ. ಒಂದು ತೆಳು, ಒಂದು ದಪ್ಪ. ಒಂದು ಮೆತ್ತಗೆ, ಒಂದು ಬಿರುಸು. ಎರಡೂ ನುಣುಪು. ಸಾಮಾನ್ಯ ಗಂಟು ಹಾಕಿದರೆ ಜಾರುತ್ತದೆ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ತಮ್ಮ ಬಂದ. ಎಂದಿನಂತೆ ಒಂದು ಕೈಯಲ್ಲಿ ಬಕೆಟ್ ಬೆಲ್ಲ. ಬಕೆಟ್ಟಿನ ಆಕಾರದಲ್ಲೇ ಎರಕವಾಗುವ ಆ ಹತ್ತು ಕಿಲೋ ಬೆಲ್ಲವನ್ನು ಅವನು ನೆರೆಯ ಆಲೆಮನೆಯಿಂದ ತರುತ್ತಾನೆ; ಮಗಳಿಗೂ ನನಗೂ ಆರು ತಿಂಗಳಿಗೆ ಸಾಕು. ಇನ್ನೊಂದು ಕೈಯಲ್ಲಿ ಅಂದು ಒಂದು ಚೀಲ. ಕಾಫಿ ಕುಡಿದು, ಮಗಳು ಪಾಠ ಮಾಡಲು ಕಾಲೇಜಿಗೆ ಹೊರಡುವವರೆಗೆ ಕಾದು, ಆಮೇಲೆ ಚೀಲದಿಂದ ಮೂರು ರೀಲು ತೆಗೆದು ಟೀಪಾಯಿಯ ಮೇಲಿಟ್ಟ.

"ಅಕ್ಕಯ್ಯ, ನಿನ್ ಕಣ್ಣು ಆಪ್ರೇಸನ್ ಆದ್ಮೇಲೆ ಎಂಗೈತೆ?"

"ಚೆನ್ನಾಗಿದೆ. ಬಸ್ಸಿನ ಬೋರ್ಡು ದೂರದಿಂದ ಓದ್ತೀನಿ. ಯಾಕೆ?"

ಅವನು ತನ್ನ ಹತ್ತೂ ಬೆರಳನ್ನು ನನ್ನ ಮುಂದೆ ಹರಡಿದ. "ಸಕ್ಕರೆ ಕಾಯ್ಲೆ ಬೆರಳ್ ತುದಿ ತಿಂದಾಕ್ಬುಡ್ತು. ಬಿಸಿ ಲೋಟ ಹಿಡಿದ್ರೂ ಗೊತ್ತಾಗಕ್ಕಿಲ್ಲ. ಇನ್ನು ಈ ದಾರ ಎಲ್ಲಿ ಗೊತ್ತಾದಾತು?"

"ನಿನ್ನ ಸ್ನೇಹಿತರು ಯಾರಾದರೂ ಕಟ್ಟಿಕೊಡಲ್ವೇನೋ?"

"ಅದೊಂದ್ ಮಾತ್ರ ಆಗಕ್ಕಿಲ್ಲ," ಎಂದ. ಅವರ ದೋಣಿಯಲ್ಲಿ ಒಂದು ಮಾತಿದೆಯಂತೆ. ಅವರವರ ದಾರ ಅವರವರೇ ಕಟ್ಟಬೇಕು. ಕಟ್ಟಲಾರದವನು ದೋಣಿ ಹತ್ತಬಾರದು. ಮೊದಲ ವರ್ಷ ಯಾರೋ ಒಬ್ಬನ ಗಂಟು ಇನ್ನೊಬ್ಬ ಕಟ್ಟಿ, ಮೀನು ತಪ್ಪಿ, ಇಬ್ಬರೂ ಮಾತು ಬಿಟ್ಟು ಮನೆಗೆ ಬಂದಿದ್ದರಂತೆ. ಅಂದಿನಿಂದ ಈ ಕಾನೂನು. ಮಾಡಿದವನೇ ನನ್ನ ತಮ್ಮ. "ನಾನ್ ಮಾಡಿದ್ ಕಾನೂನು ನಂಗೇ ಬಂದು ತಗಲಾಕ್ಕೊಂತು," ಎಂದು ನಕ್ಕ. ಕಣ್ಣು ಮಾತ್ರ ರೀಲಿನ ಮೇಲೇ ಇತ್ತು.

ಮನೆಯಿಂದಲೇ ಮೂರು ರೀಲಿಗೂ ಲೀಡರ್ ಕಟ್ಟಿಸಿಕೊಂಡು ಹೋದರೆ ಯಾರಿಗೂ ತಿಳಿಯುವುದಿಲ್ಲ. ಒಂದು ಹರಿದರೆ ಇನ್ನೊಂದು. ಮೂರೂ ಹರಿದರೆ ಮಾತ್ರ ಎಲ್ಲರ ಮುಂದೆ ಗಂಟು ಹಾಕಲು ಕೂರಬೇಕು, ಆಗ ತಿಳಿಯುತ್ತದೆ. ಅವನು ಸಮುದ್ರಕ್ಕೆ ಹೋಗುವುದು ಬಿಡುವುದು ಆ ಮೂರು ಗಂಟಿನ ಮೇಲೆ ನಿಂತಿತ್ತು. ನಾನು ಕನ್ನಡಕ ಹಾಕಿಕೊಂಡೆ.

ಆ ಗಂಟಿಗೆ ಎಫ್‌ಜಿ ಎಂದು ಎರಡು ಇಂಗ್ಲಿಷ್ ಅಕ್ಷರಗಳ ಹೆಸರು. ಅದರ ಫುಲ್ ಫಾರ್ಮ್ ಏನು ಎಂದು ಕೇಳಿದೆ.

"ಕಾನ್ವೆಂಟಮ್ಮ, ಅದನ್ನ ತಿಳ್ಕಂಡು ಮೀನಿಗೇನು ಲೆಟರ್ ಬರ್ದೀಯ? ಸುತ್ತು."

ಬ್ರೇಡಿನ ಒಂದು ತುದಿ ರೀಲಿನಲ್ಲಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯಾಗಿ ಹಿಡಿಯಬೇಕು. ನಡುವೆ ಲೀಡರ್ ಇಟ್ಟು, ಬ್ರೇಡು ಒಂದು ಸಲ ಮೇಲಿನಿಂದ, ಒಂದು ಸಲ ಕೆಳಗಿನಿಂದ ಅದನ್ನು ಅಪ್ಪುವ ಹಾಗೆ ಇಪ್ಪತ್ತು ಸಲ ಹೆಣೆಯಬೇಕು. ಆಮೇಲೆ ಕೆಲವು ಅರೆಗಂಟು. ಕೊನೆಗೆ ಎಂಜಲು ಹಚ್ಚಿ, ಎರಡೂ ಕಡೆ ಜಗ್ಗಿ ಬಿಗಿಯಬೇಕು. ಬ್ರೇಡು ಲೀಡರಿನ ಮೈಗೆ ಕಚ್ಚಿಕೊಂಡಾಗ ಅದರ ಹಸಿರು ಕಪ್ಪಗೆ ತಿರುಗುತ್ತದೆ. ತಿರುಗಿದರೆ ಗಂಟು ಕೂತ ಹಾಗೆ.

"ಹಲ್ಲಲ್ಲಿ ಕಚ್ಚೋದಿಲ್ಲ ನಾನು," ಎಂದೆ.

"ಮತ್ತೆ ಎಲ್ಲಿ ಕಟ್ಟೀಯ, ಕಂಬಕ್ಕಾ?"

ನಾನು ಚಪ್ಪಲಿ ಬಿಟ್ಟು, ಬ್ರೇಡಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡೆ. ಅವ್ವ ಹೂ ಕಟ್ಟುತ್ತಿದ್ದುದು ಹಾಗೆಯೇ. ಕಾಲು ಚಾಚಿ ಕೂತು, ಬಾಳೆ ನಾರನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಪಕ್ಕದಲ್ಲಿ ಒಂದು ಕಂಚಿನ ಬಟ್ಟಲು ಇಟ್ಟುಕೊಂಡು. ಎಡಕ್ಕೆರಡು ಮೊಗ್ಗು, ಬಲಕ್ಕೆರಡು ಮೊಗ್ಗು, ಒಂದು ಸುತ್ತು. ಕೈಗೆ ಆ ಲೆಕ್ಕ ಇನ್ನೂ ನೆನಪಿತ್ತು. ಹತ್ತು ನಿಮಿಷದಲ್ಲಿ ಇಪ್ಪತ್ತು ಹೆಣಿಗೆ ಒಂದರ ಪಕ್ಕ ಒಂದು, ಸೀರೆಯ ಕುಚ್ಚಿನಂತೆ ಸಾಲಾಗಿ ಕೂತವು. ತಮ್ಮ ಬಗ್ಗಿ ನೋಡಿದ.

"ಅಕ್ಕಯ್ಯ, ಇದನ್ನ ಮೀನಿಗೆ ಹಾಕೋದೋ ಮದ್ವೆ ಹೆಣ್ಣಿಗೆ ಮುಡ್ಸೋದೋ?" ಆಮೇಲೆ, "ಈಗ ಎಂಜ್ಲು ಹಚ್ಚಿ ಬಿಗಿ," ಎಂದ.

ನನ್ನ ಕೈ ಅಲ್ಲೇ ನಿಂತಿತು. ಇದನ್ನು ಯಾರಿಗಾದರೂ ಹೇಗೆ ವಿವರಿಸುವುದೋ ಗೊತ್ತಿಲ್ಲ. ಬೋರ್ಡಿಂಗಿನಲ್ಲಿ ನಮಗೆ ನೀಡ್ಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಕಾರ್ಬಾಲಿಕ್ ಸೋಪಿನ ವಾಸನೆ, ಕೈಯಲ್ಲಿ ಮರದ ಸ್ಕೇಲು. ಅವರದು ಒಂದೇ ಮಾತು: "ನೋ ಥ್ರೆಡ್ ಇನ್ ದ ಮೌತ್, ಗರ್ಲ್ಸ್." ಸೂಜಿಗೆ ದಾರ ಪೋಣಿಸುವಾಗ ತುದಿಯನ್ನು ನಾಲಗೆಗೆ ತಾಗಿಸಿದ್ದೇವೆಯೇ ಎಂದು ಸಾಲಿನ ಉದ್ದಕ್ಕೂ ಬಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಒದ್ದೆಯಿದ್ದರೆ ಆ ದಾರ ಕಸಕ್ಕೆ, ಸ್ಕೇಲು ಗೆಣ್ಣಿಗೆ. ಮನೆಗೆ ಬಂದರೆ ಅವ್ವನದೂ ಅದೇ ಹಾಡು, ಬೇರೆ ಕಾರಣಕ್ಕೆ: ದೇವರ ಹೂವಿಗೆ ಎಂಜಲು ತಾಗಬಾರದು. ಇಬ್ಬರೂ ಸೇರಿ ನನ್ನ ಬಾಯನ್ನೂ ದಾರವನ್ನೂ ಎಂದೆಂದಿಗೂ ಬೇರೆ ಮಾಡಿಬಿಟ್ಟಿದ್ದರು. ಕೆ.ಆರ್.ಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷೂ ಹೊಲಿಗೆಯೂ ಕಲಿಸಿದೆ. ಅಲ್ಲಿ ನಾನೂ ಹುಡುಗಿಯರ ದಾರದ ತುದಿ ಮುಟ್ಟಿ ನೋಡುತ್ತಿದ್ದೆ. ಸ್ಕೇಲು ಮಾತ್ರ ಹಿಡಿಯಲಿಲ್ಲ.

ಎಂಜಲು ಹಚ್ಚುವುದು ನದಿ ದಡದ ಗಂಡಸರ ಒರಟು ಅಭ್ಯಾಸ, ಅದಕ್ಕೆ ಬೇರೆ ಅರ್ಥವೇನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಸುವಿನ ಮಾತ್ರೆಯ ಬಗ್ಗೆ ಫೋನ್ ಬಂದು ತಮ್ಮ ಹೊರಗೆ ಹೋದ. ಅವನು ಬರುವಷ್ಟರಲ್ಲಿ ಒಣ ಗಂಟನ್ನು ಹಾಗೆಯೇ ಜಗ್ಗಿ ಬಿಗಿದೆ, ತುದಿ ಕತ್ತರಿಸಿದೆ.

"ಹಚ್ಚಿದ್ಯಾ?"

"ಹೂಂ ಕಣೋ."

"ಬಣ್ಣ ತಿರುಗ್ತಾ?"

"ತಿರುಗಿತು," ಎಂದೆ. ಸ್ವಲ್ಪ ತಿರುಗಿತ್ತು. ಅಥವಾ ತಿರುಗಿದ ಹಾಗೆ ಕಂಡಿತ್ತು.

ಮೊದಲ ವರ್ಷ ಗಂಟು ನಿಂತಿತು. ಎರಡನೆಯ ವರ್ಷವೂ ನಿಂತಿತು. ಐಸ್ ಡಬ್ಬಿಯಲ್ಲಿ ಮೀನು ತಂದು ಕೊಟ್ಟ, ಮಗಳು ಸಾರು ಮಾಡಿದಳು. ದೋಣಿಯಲ್ಲಿ ಸ್ನೇಹಿತರು ಅವನ ಗಂಟನ್ನು ಬೆರಳಲ್ಲಿ ಸವರಿ ನೋಡಿ ಹೊಟ್ಟೆಕಿಚ್ಚು ಪಟ್ಟರು ಎಂದು ಹೇಳಿದಾಗ ನನಗಾದ ಖುಷಿ, ಈ ವಯಸ್ಸಿನಲ್ಲಿ, ಹೇಳಿಕೊಳ್ಳುವಂಥದ್ದಲ್ಲ. ಸ್ಕೂಲಿನ ಎಕ್ಸಿಬಿಷನ್ನಿನಲ್ಲಿ ನನ್ನ ಟ್ರೇ ಕ್ಲಾತಿಗೆ ಫಸ್ಟ್ ಪ್ರೈಜ಼್ ಬಂದಾಗ ಹೀಗೇ ಆಗಿತ್ತು. ಎಂಜಲಿನ ಮಾತು ಮನಸ್ಸಿಗೆ ಚುಚ್ಚುವುದು ನಿಂತಿತು. ಪ್ರತಿ ಸಲ ಅವನು ಕೇಳುತ್ತಿದ್ದ, ಪ್ರತಿ ಸಲ ನಾನು ಹೂಂ ಅನ್ನುತ್ತಿದ್ದೆ.

ಈ ವರ್ಷ ಅವನು ತಂದ ಲೀಡರ್ ಹಿಂದಿನದಕ್ಕಿಂತ ದಪ್ಪ. ದೊಡ್ಡ ಟ್ರೆವಲಿ ಮೀನು ಬಂಡೆಯ ಪಕ್ಕ ಕಾಣಿಸುತ್ತಿದೆ ಎಂದು ದೋಣಿಯವನು ಹೇಳಿದ್ದನಂತೆ. ದಪ್ಪ ದಾರ ಬಿರುಸಾಗಿತ್ತು, ಹೆಣಿಗೆ ಅದರ ಮೇಲೆ ಕೂರಲು ಹಟ ಮಾಡುತ್ತಿತ್ತು. ಆದರೂ ಸಾಲು ಸಾಲಾಗಿ ಕೂರಿಸಿದೆ. ಒಣದಾಗಿಯೇ ಬಿಗಿದೆ.

ಅವನು ಹೋಗಿ ಬಂದ ಮೇಲೆ ಒಂದು ವಾರ ಫೋನೇ ಇಲ್ಲ. ಹೋಗಿ ಬಂದ ದಿನವೇ ಮೀನಿನ ಉದ್ದ ಹೇಳದೆ ಊಟ ಮಾಡದವನು. ಕೊನೆಗೆ ಅವನ ಹೆಂಡತಿ ಫೋನ್ ಮಾಡಿದಳು.

"ಅತ್ಗೆ, ನೀವೇ ವಸಿ ಬಂದು ನೋಡಿ. ದೋಣೀಲಿ ವಾಂತಿ ಆಯ್ತಂತೆ, ಮಧ್ಯಾನದಿಂದ ಮಲ್ಗಿದ್ರಂತೆ. ಇನ್ ಸಮುದ್ರ ಸಾಕು ಅಂತ ರಾಡು, ರೀಲು ಎಲ್ಲ ಅಟ್ಟಕ್ಕಾಕ್ಬುಟ್ಟವ್ರೆ. ಸಾಕು ಅಂದ್ರೆ ನಂಗೇನು, ಒಳ್ಳೇದೇ. ಆದ್ರೆ ಮಾತೂ ಸಾಕು ಅಂದಂಗವ್ರೆ."

ಆರು ವರ್ಷ ಕಾರವಾರದಲ್ಲಿದ್ದವನಿಗೆ, ಮಳೆಗಾಲದ ಅಲೆಯಲ್ಲೂ ಬೋಂಡ ತಿಂದವನಿಗೆ, ವಾಂತಿ? ಮರುದಿನವೇ ಪಾಂಡವಪುರದ ಬಸ್ಸು ಹತ್ತಿದೆ.

ಅವನು ಕೊಟ್ಟಿಗೆಯಲ್ಲಿ ಹಸುವಿಗೆ ಸೋಗೆ ಹಾಕುತ್ತಿದ್ದ. ನನ್ನನ್ನು ನೋಡಿ, "ಬಂದ್ಬುಟ್ಯಾ? ಬಾ ಬಾ," ಎಂದ. ಮುಖ ನೋಡಲಿಲ್ಲ. ನಾನು ಜಗಲಿಯ ಮೇಲೆ ಕೂತೆ.

"ರೀಲು ತರ್ಸು. ನೋಡ್ಬೇಕು."

"ನೋಡಕ್ಕೇನೈತೆ? ಎರಡು ಓಯ್ತು. ಎರಡೂವೆ ಕಲ್ಲಿಗೆ ಉಜ್ಜಿ ಓಯ್ತು. ಬಂಡೆ ಜಾಗ ಅದು. ನಿನ್ ಗಂಟೇನಲ್ಲ."

ಕೇಳದೆಯೇ ಆ ಕೊನೆಯ ಮಾತು ಬಂದದ್ದು ನನಗೆ ಸರಿಯೆನಿಸಲಿಲ್ಲ. ಅವನ ಹೆಂಡತಿ ಅಟ್ಟದಿಂದ ಚೀಲ ಇಳಿಸಿಕೊಟ್ಟಳು. ಮೊದಲ ರೀಲಿನ ತುದಿಯನ್ನು ಬೆಳಕಿಗೆ ಹಿಡಿದೆ. ಎಂಟೂ ಎಳೆ ಬಿಚ್ಚಿಕೊಂಡು ಬಣ್ಣ ಬಳಿಯುವ ಬ್ರಷ್ಷಿನಂತೆ ಕೆದರಿತ್ತು. ಅದು ನಿಜಕ್ಕೂ ಬಂಡೆ. ಎರಡನೆಯದನ್ನು ಹಿಡಿದೆ. ಎಂಟು ಎಳೆಯೂ ಒಂದೇ ಸಮ, ನೆಟ್ಟಗೆ. ಅರವತ್ತು ವರ್ಷ ದಾರ ಹಿಡಿದವಳಿಗೆ ಕಲ್ಲು ಹರಿದದ್ದು ಯಾವುದು, ಕತ್ತರಿ ಕತ್ತರಿಸಿದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ತುದಿಗಿಂತ ತುಸು ಹಿಂದೆ ಎರಡು ಸಣ್ಣ ಕಚ್ಚು; ಕತ್ತರಿಸಿದವನ ಕೈ ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಸರಿಹೋಗಿತ್ತು ಎಂಬುದೂ ಕಾಣುತ್ತಿತ್ತು.

ನಾನು ಚೀಲದ ಪಕ್ಕದ ಜೇಬಿಗೆ ಕೈಹಾಕಿದೆ. ಅಲ್ಲಿ ಅಪ್ಪನ ಹಳೆಯ ಅಡಿಕೆ ಡಬ್ಬಿ ಇರುತ್ತದೆಂದು ನನಗೆ ಗೊತ್ತು. ಚಿಕ್ಕವನಿದ್ದಾಗ ನಾಲೆಯ ಏರಿಯಲ್ಲಿ ಅವನೇ ಬಿಸಾಡಿದ್ದ ದಾರ ಒಂದು ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡಿತ್ತು. ಅವನೂ ಅಪ್ಪನೂ ಹಿಡಿದು ಬಿಡಿಸುವಷ್ಟರಲ್ಲಿ ಕಾಲು ಮುರಿದಿತ್ತು. ಅಂದಿನಿಂದ ಅವನು ಒಂದು ಗೇಣು ದಾರವನ್ನೂ ನೀರಿಗಾಗಲಿ ನೆಲಕ್ಕಾಗಲಿ ಎಸೆದವನಲ್ಲ. ಎಲ್ಲ ಆ ಡಬ್ಬಿಗೆ.

ಡಬ್ಬಿ ತೆರೆದೆ. ಎಲ್ಲಕ್ಕಿಂತ ಮೇಲೆ ಒಂದು ತುಂಡು ಹಸಿರು ಬ್ರೇಡು, ನನ್ನ ಕಿರುಬೆರಳಿನಷ್ಟು ಉದ್ದ. ಉದ್ದಕ್ಕೂ ಸಣ್ಣ ಸಣ್ಣ ಅಲೆ. ಹಳೆಯ ಸ್ವೆಟರನ್ನು ಬಿಚ್ಚಿದರೆ ಉಲ್ಲನ್ನಿನಲ್ಲಿ ಹೆಣಿಗೆಯ ಸುರುಳಿ ಹಾಗೇ ಉಳಿದಿರುತ್ತದಲ್ಲ, ಹಾಗೆ. ನನ್ನ ಇಪ್ಪತ್ತು ಹೆಣಿಗೆಯ ಗುರುತು ಅದರ ಮೇಲೆ ಎಣಿಸುವಷ್ಟು ಸ್ಪಷ್ಟವಾಗಿತ್ತು. ದಾರ ಹರಿದಿರಲಿಲ್ಲ. ಲೀಡರ್ ಹೆಣಿಗೆಯ ಒಳಗಿಂದ ಜಾರಿ ಹೋಗಿತ್ತು, ಬಳೆಯಿಂದ ಕೈ ಜಾರಿದ ಹಾಗೆ.

"ಇದು ಕಲ್ಲಾ?" ಎಂದು ಎತ್ತಿ ತೋರಿಸಿದೆ.

ಅವನು ಕೈಯಲ್ಲಿದ್ದ ಸೋಗೆ ಕೆಳಗಿಟ್ಟು ಬಂದು ಜಗಲಿಯ ಇನ್ನೊಂದು ತುದಿಯಲ್ಲಿ ಕೂತ.

"ಕಲ್ಲಲ್ಲ. ಗಂಟೂ ಅಲ್ಲ. ನಾನು," ಎಂದ. "ರೀಲಿಗೆ ಬ್ರೇಕ್ ಅಂತ ಒಂದಿರ್ತದೆ, ಮೀನು ಎಳ್ದಾಗ ಎಷ್ಟು ಬಿಗಿಗೆ ದಾರ ಬುಡ್ಬೇಕು ಅನ್ನೋದು. ಅದನ್ನ ಬೆರಳಲ್ಲಿ ತಿರುಗ್ಸಿ ನೋಡ್ಬೇಕು. ನಂಗೆಲ್ಲಿ ಗೊತ್ತಾದಾತು? ವಿಪರೀತ ಬಿಗಿ ಮಾಡ್ಬುಟ್ಟಿದ್ದೆ ಅನ್ಸುತ್ತೆ. ಅಂತಾ ಮೀನು ಎಳುದ್ರೆ ಯಾವ ಗಂಟು ತಡದಾತು? ಒಳ್ಳೆ ಮೀನು ಅಕ್ಕಯ್ಯ. ಎರಡ್ ಸಲ ತಳಕ್ಕೆ ಎಳ್ಕಂಡ್ ಓಗಿ ಮೂರ್ನೇ ಸಲಕ್ಕೆ ಮೇಲ್ಬರ್ತಿತ್ತು, ಬೆನ್ನು ಕಾಣಿಸ್ತು. ಆಮೇಲೆ ಖಾಲಿ. ಉಳಿದಿದ್ದು ಒಂದೇ ರೀಲು. ಅದೂ ಓದ್ರೆ ಎಲ್ರ ಮುಂದೆ ಈ ಸತ್ತ ಬೆರಳು ಹಿಡ್ಕಂಡು ಕೂರ್ಬೇಕು. ಅದಕ್ಕೇ ವಾಂತಿ ಅಂದೆ, ಮಲಿಕ್ಕಂಡೆ. ಬೆರಳಿಗೆ ಗೊತ್ತಾಗ್ದಿದ್ಮೇಲೆ ದೋಣಿ ಯಾಕೆ? ಬುಡು."

ನಾನು ಆ ಹಸಿರು ತುಂಡನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದೆ. ಅವನ ಬೆರಳೇ ತಪ್ಪು ಮಾಡಿದ್ದರೆ ಅದಕ್ಕೆ ಮದ್ದಿಲ್ಲ. ಸಮುದ್ರ ಅವನ ಪಾಲಿಗೆ ಮುಗಿದಂತೆ. ನನ್ನ ಗಂಟು ತಪ್ಪಿದ್ದರೆ ಮದ್ದಿದೆ. ಆದರೆ ಮೂರು ವರ್ಷದ ಸುಳ್ಳನ್ನು ಹೇಳಬೇಕು. ಅಕ್ಕ ಎಂದು ಒಂದು ಸ್ಥಾನ ಇರುತ್ತದೆ, ಟೀಚರ್ ಎಂದು ಇನ್ನೊಂದು. ಅವನ ಗ್ರಾಮರ್ ತಿದ್ದಿದವಳು ನಾನು.

"ನಾನು ಎಂಜಲು ಹಚ್ಚಿರಲಿಲ್ಲ ಕಣೋ," ಎಂದೆ.

"ಈ ಸಲವಾ?"

"ಯಾವ ಸಲವೂ."

ಅವನು ನನ್ನ ಕಡೆ ತಿರುಗಿದ. "ಹೂಂ ಅಂತಿದ್ಯಲ್ಲ?"

"ಅಂತಿದ್ದೆ."

"ಸುಳ್ಳೇಳ್ತಿದ್ದಾ? ನೀನು?"

ಅವನ ಹೆಂಡತಿ ಒಳಗಿಂದ ಇಣುಕಿದಳು. ನಾನು ಸಿಸ್ಟರ್ ವಿಷಯ, ಸ್ಕೇಲಿನ ವಿಷಯ, ಅವ್ವನ ದೇವರ ಹೂವಿನ ವಿಷಯ ಎಲ್ಲ ಹೇಳಿದೆ. ಹೇಳುತ್ತಿದ್ದಂತೆ ಅವೆಲ್ಲ ಎಷ್ಟು ಸಣ್ಣವಾಗಿ ಕೇಳಿಸಿದವೆಂದರೆ ಅರ್ಧಕ್ಕೆ ನಿಲ್ಲಿಸಿದೆ.

"ಅಲ್ಲಕ್ಕಯ್ಯ, ಎಂಜ್ಲೇ ಆಗ್ಬೇಕು ಅಂತ ಯಾರೇಳುದ್ರು? ನೀರಾದ್ರೂ ಆಗ್ತಿತ್ತಲ್ಲ. ಒಣ ದಾರ ಬಿಗಿದ್ರೆ ಉಜ್ಜಿ ಬಿಸಿಯಾಗಿ ಅಲ್ಲೇ ತಡೀತದೆ, ಪೂರ್ತಿ ಕಚ್ಕಳಕ್ಕಿಲ್ಲ. ಒದ್ದೆ ಇದ್ರೆ ಸರಕ್ಕಂತ ಬಿಗೀತದೆ. ದೋಣೀಲಿ ಬಟ್ಲು ಯಾರಿಡ್ಕಂಡ್ ಕೂತಾರು, ಅದಕ್ಕೆ ಎಂಜ್ಲು ಅನ್ನೋದು."

"ಅದನ್ನ ಮೊದಲೇ ಹೇಳಬಾರದಿತ್ತೇನೋ?"

"ನೀನೆಲ್ಲಿ ಕೇಳ್ದೆ? ಹೂಂ ಅಂದ್ಬುಟ್ಟೆ."

ಅವ್ವನ ಪಕ್ಕದಲ್ಲಿ ಯಾವಾಗಲೂ ಇರುತ್ತಿದ್ದ ಕಂಚಿನ ಬಟ್ಟಲು ಆಗ ನನಗೆ ಸರಿಯಾಗಿ ನೆನಪಾಯಿತು. ಅದರಲ್ಲಿ ನೀರಿರುತ್ತಿತ್ತು. ನಾರನ್ನು ಅದರಲ್ಲಿ ನೆನೆಹಾಕುತ್ತಿದ್ದಳು, ಕಟ್ಟುವಾಗ ಬೆರಳನ್ನೂ ಅದ್ದಿಕೊಳ್ಳುತ್ತಿದ್ದಳು. ಹೆಬ್ಬೆರಳು ನೆನಪಿತ್ತು, ಎಡಕ್ಕೆರಡು ಬಲಕ್ಕೆರಡು ನೆನಪಿತ್ತು. ಬಟ್ಟಲನ್ನು ಕಣ್ಣೆದುರೇ ಇಟ್ಟುಕೊಂಡು ನೀರನ್ನು ಮರೆತಿದ್ದೆ.

ಆದರೂ ತಮ್ಮ ಒಪ್ಪಲಿಲ್ಲ. ನನ್ನ ಮನಸ್ಸು ನೋಯದಿರಲಿ ಎಂದು ಅವನು ಆ ಅಲೆಯಲೆಯಾದ ತುದಿಯನ್ನು ಕತ್ತರಿಸಿ ಬಚ್ಚಿಟ್ಟವನು. ಅವನ ಮನಸ್ಸು ನೋಯದಿರಲಿ ಎಂದು ನಾನು ಈಗ ತಪ್ಪು ಒಪ್ಪಿಕೊಳ್ಳುತ್ತಿದ್ದೇನೆ ಎಂದು ಅವನ ಅನುಮಾನ. "ಸುಮ್ನೆ ನಂಗೆ ಸಮಾಧಾನಕ್ಕೆ ಏಳ್ಬ್ಯಾಡ," ಎಂದ. ಹಾಗಾದರೆ ಪರೀಕ್ಷೆ ಮಾಡೋಣ ಎಂದೆ. ಮೂರನೆಯ ರೀಲು ಇತ್ತಲ್ಲ. ಮೀನು ಮುಟ್ಟದ, ಅವನ ಬೆರಳೂ ತಿರುಗಿಸದ, ನಾನು ಕಟ್ಟಿದ ಹಾಗೇ ಉಳಿದಿದ್ದ ಗಂಟು.

ಕೊಟ್ಟಿಗೆಯ ತೊಲೆಗೆ ಬ್ರೇಡನ್ನು ಹತ್ತಾರು ಸುತ್ತು ಸುತ್ತಿ ಕಟ್ಟಿದೆವು. ಕೆಳಗೆ ಲೀಡರಿನ ತುದಿಯ ಕ್ಲಿಪ್ಪಿಗೆ ಚೀಲ, ಚೀಲದಲ್ಲಿ ಬಕೆಟ್ ಬೆಲ್ಲ. ಹತ್ತು ಕಿಲೋ. ಮೆಲ್ಲಗೆ ಕೈಬಿಟ್ಟ. ನಿಂತಿತು. ಎರಡು ನಿಮಿಷ ನೋಡಿದೆವು, ನಿಂತೇ ಇತ್ತು.

"ನೋಡ್ದಾ? ನಿನ್ ಗಂಟು ನೆಟ್ಟಗೈತೆ," ಎಂದ. ಅಷ್ಟು ಬೇಸರದಲ್ಲಿ ಯಾರೂ ನನ್ನ ಕೆಲಸವನ್ನು ಹೊಗಳಿರಲಿಲ್ಲ.

"ಮೀನು ಹೀಗೆ ಸುಮ್ಮನೆ ನೇತಾಡುತ್ತದೇನೋ?"

ಅವನು ಯೋಚಿಸಿದ. ಆಮೇಲೆ ಚೀಲದ ಮೇಲೆ ಕೈಯಿಟ್ಟು ಕೆಳಕ್ಕೆ ಒಂದು ಸಲ ಒತ್ತಿ ಬಿಟ್ಟ. ಇನ್ನೊಂದು ಸಲ. ಮೂರನೆಯ ಸಲಕ್ಕೆ ಗಂಟಿನ ಕಡೆಯಿಂದ ಒಂದು ಸಣ್ಣ ಕಿರ್ ಎಂಬ ಸದ್ದು ಬಂತು. ಲೀಡರ್ ಮೊದಲು ಒಂದು ಕೂದಲೆಳೆಯಷ್ಟು ಸರಿಯಿತು, ನಾವಿಬ್ಬರೂ ನೋಡುತ್ತಿದ್ದಂತೆಯೇ ಪೂರ್ತಿ ಜಾರಿತು. ಬೆಲ್ಲ ದೊಪ್ಪನೆ ಕೊಟ್ಟಿಗೆಯ ನೆಲಕ್ಕೆ ಬಿತ್ತು. ಹಸು ಬೆದರಿ ಹಿಂದೆ ಸರಿದು, ಆಮೇಲೆ ಮೂತಿ ಚಾಚಿತು. ತೊಲೆಯಿಂದ ನೇತಾಡುತ್ತಿದ್ದ ಹಸಿರು ದಾರದ ತುದಿಯಲ್ಲಿ ಸಣ್ಣ ಸಣ್ಣ ಅಲೆ, ಡಬ್ಬಿಯಲ್ಲಿದ್ದ ತುಂಡಿನದೇ ಅಚ್ಚು.

"ಆಯ್ತು, ಬೆಲ್ಲ ಗಂಜ್ಲದ ಪಾಲಾಯ್ತು," ಎಂದಳು ಅವನ ಹೆಂಡತಿ. "ಅಕ್ಕ ತಮ್ಮ ಇಬ್ರೂ ಸೇರಿ ಇನ್ನೇನೇನ್ ನೇತಾಕ್ತೀರೋ ಏಳಿ, ಒಳಗಿಟ್ಬುಡ್ತೀನಿ."

ತಮ್ಮ ತನ್ನ ಬೆರಳುಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡ, ಯಾರೋ ವಾಪಸು ತಂದುಕೊಟ್ಟ ಸಾಮಾನು ನೋಡುವ ಹಾಗೆ. ನನ್ನ ತಪ್ಪು ಇಷ್ಟು ಸ್ಪಷ್ಟವಾಗಿ ನೆಲದ ಮೇಲೆ ಬಿದ್ದಿದ್ದರೂ ನನಗೆ ಹಗುರವೆನಿಸುತ್ತಿತ್ತು.

ಒಂದು ಸ್ಟೀಲ್ ಬಟ್ಟಲಲ್ಲಿ ನೀರು ತರಿಸಿದೆ. ಕಾಲು ಚಾಚಿ, ಬ್ರೇಡನ್ನು ಹೆಬ್ಬೆರಳಿಗೆ ಸುತ್ತಿ, ಹೊಸ ಲೀಡರ್ ಇಟ್ಟು ಇಪ್ಪತ್ತು ಹೆಣೆದೆ. ಬಿಗಿಯುವ ಮುಂಚೆ ಬೆರಳನ್ನು ನೀರಲ್ಲಿ ಅದ್ದಿ ಗಂಟಿನ ಉದ್ದಕ್ಕೂ ಸವರಿದೆ. ಜಗ್ಗಿದಾಗ ಕೈಗೆ ಬೇರೆಯದೇ ತಿಳಿಯಿತು. ಮೂರು ವರ್ಷ ನಾನು ಯಾವುದನ್ನು ಬಿಗಿ ಎಂದುಕೊಂಡಿದ್ದೆನೋ ಅಲ್ಲಿಂದ ಮುಂದೆ ಇನ್ನೂ ಅಷ್ಟು ದೂರ ಅದು ಹೋಯಿತು. ಹೆಣಿಗೆಯೆಲ್ಲ ಒಟ್ಟಿಗೆ ಒಳಗೆ ಇಳಿಯಿತು. ಹಸಿರು ಕಣ್ಣೆದುರೇ ಕಪ್ಪಾಯಿತು, ಈ ಸಲ ಅನುಮಾನವಿಲ್ಲದಂತೆ.

"ತಿರುಗ್ತು," ಎಂದ ತಮ್ಮ.

ಮಣ್ಣು ಹತ್ತಿದ ಬೆಲ್ಲವನ್ನೇ ಮತ್ತೆ ನೇತುಹಾಕಿದೆವು. ಒತ್ತಿದ, ಬಿಟ್ಟ. ಒತ್ತಿದ, ಬಿಟ್ಟ. ಹತ್ತು ಸಲ ಎಣಿಸಿದೆ. ಕೊನೆಗೆ ಚೀಲದ ಹಿಡಿಯೇ ಕಿತ್ತುಬಂತು, ಗಂಟು ನಿಂತಿತ್ತು.

ಆಮೇಲೆ ಅವನು ಮಾಡಿದ್ದು ನಾನು ಎಣಿಸಿದ್ದಲ್ಲ. ಫೋನ್ ತೆಗೆದು, ದೋಣಿಯ ಐವರಲ್ಲಿ ಒಬ್ಬನಾದ ನಾಗಮಂಗಲದ ಸ್ನೇಹಿತನಿಗೆ ಕರೆ ಮಾಡಿ ಸ್ಪೀಕರ್ ಹಾಕಿದ.

"ಲೇ, ವಾಂತಿ ಗೀಂತಿ ಏನೂ ಆಗಿರ್ನಿಲ್ಲ ಕಣ್ಲಾ. ನನ್ ಬೆರಳು ಸತ್ತವೆ. ಮೂರು ವರ್ಸದಿಂದ ನನ್ ಗಂಟೆಲ್ಲ ನಮ್ಮಕ್ಕಯ್ಯ ಕಟ್ಟದು."

ಆ ಕಡೆಯಿಂದ ಸ್ನೇಹಿತನ ದನಿ ಬಂತು.

"ಅಂಗಾರೆ ನೀನು ಕಾನೂನು ಮುರ್ದಂಗಾಯ್ತಲ್ಲ."

"ಔದು. ದೋಣಿ ಹತ್ತುಸ್ಬ್ಯಾಡಿ ಅಂದ್ರೆ ಹತ್ತಕ್ಕಿಲ್ಲ. ಸುಳ್ಳೇಳ್ಕಂಡು ಮಲಗಕ್ಕೆ ನನ್ ಕೈಲಾಗಕ್ಕಿಲ್ಲ."

"ತಡಿಯಪ್ಪ ನೀನು," ಎಂದ ಆ ಸ್ನೇಹಿತ. "ನಿಮ್ಮಕ್ಕಯ್ಯಾರಿಗೆ ಒಂದು ಮಾತು ಕೇಳು. ನಂಗೆ ಎಡಗಣ್ಣು ಕಾಣಕ್ಕಿಲ್ಲ. ಓದ್ ವರ್ಸದಿಂದ ನಂದು ನನ್ ಸೊಸೆ ಕಟ್ತಾವ್ಳೆ, ಜಾರ್ತದೆ. ನಂಗೂ ಒಂದೆರಡು ಕಟ್ಕೊಟ್ಟಾರಾ?"

ತಮ್ಮ ನನ್ನ ಮುಖ ನೋಡಿದ. ನಾನು ಫೋನಿನ ಕಡೆ ಬಗ್ಗಿ, "ನಿಮ್ಮ ಸೊಸೆ ಒದ್ದೆ ಮಾಡಿ ಬಿಗೀತಾರಾ, ಕೇಳಿ," ಎಂದೆ.

ಸಂಜೆಯ ಬಸ್ಸಿಗೆ ಮೊದಲು ಇನ್ನೆರಡು ರೀಲಿಗೂ ಕಟ್ಟಿಕೊಟ್ಟೆ. ತಮ್ಮ ಪಕ್ಕದಲ್ಲೇ ಕೂತು ಪ್ರತಿ ಸಲ ಬಟ್ಟಲನ್ನು ನನ್ನ ಕೈಗೆ ಎಟುಕುವ ಹಾಗೆ ಸರಿಸುತ್ತಿದ್ದ. ಹಚ್ಚಿದ್ಯಾ ಎಂದು ಕೇಳುವ ಬದಲು ಅದು. ಒಳಗಿದ್ದ ಹೆಂಡತಿಗೆ, "ಅಮ್ಮಿ, ಅಟ್ಟದಿಂದ ರಾಡು ಇಳ್ಸು," ಎಂದು ಕೂಗಿದ.

"ನಾನೇನ್ ಏರ್ಸಿದ್ನಾ? ಏರ್ಸ್ದೋರೇ ಇಳಿಸ್ಕಳಿ."

ಅವನು ಏಣಿ ಹುಡುಕಿಕೊಂಡು ಹೋದ. ನಾನು ಡಬ್ಬಿಯಿಂದ ಆ ಅಲೆಯಲೆಯಾದ ತುಂಡನ್ನು ತೆಗೆದು ಕರ್ಚೀಫಿನ ಮೂಲೆಯಲ್ಲಿ ಇಟ್ಟುಕೊಂಡೆ. ಈಗ ಅದು ನನ್ನ ಹೊಲಿಗೆ ಪೆಟ್ಟಿಗೆಯಲ್ಲಿ, ಟ್ರೇ ಕ್ಲಾತಿಗೆ ಬಂದ ಪ್ರೈಜ಼ಿನ ರಿಬ್ಬನ್ನಿನ ಪಕ್ಕ ಇದೆ. ಬಸ್ಸಿನಲ್ಲಿ ಕೂತು ಚಪ್ಪಲಿಯಿಂದ ಕಾಲು ತೆಗೆದು ನೋಡಿದೆ. ಹೆಬ್ಬೆರಳಿನ ಸುತ್ತ ಬ್ರೇಡು ಕೊರೆದ ಕೆಂಪು ಗೆರೆ, ಶ್ರೀರಂಗಪಟ್ಟಣ ಬಂದರೂ ಮಾಸಿರಲಿಲ್ಲ.